ಒಂದು ಸ್ಟ್ಯಾಂಪು, ಅರ್ಧ ಗಂಟೆ

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಹತ್ತಿರ ನಿಮ್ಮೆಲ್ಲರ ಕೈಗೂ ಒಂದೊಂದು ಲಕೋಟೆಯ ತುಂಡು ಕೊಟ್ಟಿದ್ದೇವೆ. ಅದರ ಮೇಲೆ ಒಂದು ಸ್ಟ್ಯಾಂಪು ಅಂಟಿಕೊಂಡಿದೆ. ಅದು ನಿಮಗೇ, ಮನೆಗೆ ತೆಗೆದುಕೊಂಡು ಹೋಗಿ. ಆದರೆ ಈಗಲೇ ಜೇಬಿಗೆ ಹಾಕಬೇಡಿ. ನಾನು ಮಾತಾಡುವಷ್ಟು ಹೊತ್ತೂ ಅದು ನಿಮ್ಮ ಕಣ್ಣ ಮುಂದೆ ಇರಲಿ.

ಸ್ಟ್ಯಾಂಪು ಕೂಡಿಸುತ್ತೇನೆ ಅಂದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. 'ಎಷ್ಟಿವೆ?' 'ಅದರಲ್ಲಿ ಬೆಲೆಬಾಳೋದು ಯಾವುದು?' ಹೊಸದಾಗಿ ಶುರು ಮಾಡುವವರು ಈ ಎರಡನ್ನೂ ಒಂದು ವರ್ಷ ಪಕ್ಕಕ್ಕಿಡಿ ಅಂತ ಕೇಳಿಕೊಳ್ಳುತ್ತೇನೆ. ಡಬ್ಬಿಗಟ್ಟಲೆ ಸ್ಟ್ಯಾಂಪು ತುಂಬಿಟ್ಟು ಒಂದನ್ನೂ ಸರಿಯಾಗಿ ನೋಡದವರನ್ನು ಕಂಡಿದ್ದೇನೆ. ಮೂವತ್ತೇ ಸ್ಟ್ಯಾಂಪು ಇಟ್ಟುಕೊಂಡು ಒಂದೊಂದರ ಮೇಲೂ ಸಂಜೆಯಿಡೀ ಮಾತಾಡುವವರನ್ನೂ ಕಂಡಿದ್ದೇನೆ. ನನಗೆ ಈ ಹವ್ಯಾಸ ಕಲಿಸಿದ್ದು ಅಂಥವರೇ. ಅವರು ಮೊದಲ ದಿನ ನನಗೆ ಆಲ್ಬಮ್ ತೋರಿಸಲಿಲ್ಲ. ಒಂದು ಸ್ಟ್ಯಾಂಪು, ಒಂದು ಭೂತಗನ್ನಡಿ ಕೊಟ್ಟು, 'ಅರ್ಧ ಗಂಟೆ ನೋಡು, ಆಮೇಲೆ ಏನು ಕಂಡಿತು ಹೇಳು' ಅಂದರು. ಇವತ್ತು ನಾನೂ ನಿಮಗೆ ಅದನ್ನೇ ಹೇಳಲು ಬಂದಿದ್ದೇನೆ.

ಮೊದಲು ದೇಶ ಯಾವುದು ಹುಡುಕಿ. ಕೆಲವರಿಗೆ ತಕ್ಷಣ ಸಿಕ್ಕಿರುತ್ತದೆ, ಕೆಲವರು ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದೀರಿ. ಬಹಳ ದೇಶಗಳು ತಮ್ಮ ಹೆಸರನ್ನು ನಾವು ಕರೆಯುವ ಹಾಗೆ ಬರೆಯುವುದಿಲ್ಲ. 'ಹೆಲ್ವೇಷಿಯಾ' ಅಂತಿದ್ದರೆ ಅದು ಸ್ವಿಟ್ಜರ್ಲೆಂಡ್. ಅಲ್ಲಿ ನಾಲ್ಕು ಭಾಷೆಗಳಿವೆ. ಯಾವ ಭಾಷೆಯವರಿಗೂ ಬೇಜಾರಾಗದ ಹಾಗೆ ಲ್ಯಾಟಿನ್ ಹೆಸರು ಹಾಕುತ್ತಾರೆ. 'ಸುವೋಮಿ' ಅಂದರೆ ಫಿನ್ಲೆಂಡ್. 'ಮಗ್ಯಾರ್ ಪೋಸ್ಟಾ' ಅಂದರೆ ಹಂಗೇರಿ. 'ಹೆಲ್ಲಾಸ್' ಗ್ರೀಸ್, 'ನಾರ್ಗೆ' ನಾರ್ವೆ. ಹೆಸರೇ ಇಲ್ಲ, ರಾಜನದೋ ರಾಣಿಯದೋ ತಲೆ ಮಾತ್ರ ಇದೆ ಅಂತಾದರೆ ಅದು ಬಹುಮಟ್ಟಿಗೆ ಬ್ರಿಟನ್ನಿನದು. ಸ್ಟ್ಯಾಂಪು ಮೊದಲು ತಂದದ್ದು ಅವರು. ಆಗ ಬೇರೆ ಯಾರೂ ಇರಲಿಲ್ಲ, ಹೆಸರು ಹಾಕುವ ಅಗತ್ಯವೂ ಇರಲಿಲ್ಲ. ಆ ರೂಢಿ ಇವತ್ತಿಗೂ ಹಾಗೇ ಉಳಿದಿದೆ.

ಈಗ ಮುದ್ರೆ ನೋಡಿ. ಸ್ಟ್ಯಾಂಪಿನ ಮೇಲೆ ಕಪ್ಪು ಗೆರೆಗಳು, ಒಂದು ಅರ್ಧ ಉಂಗುರ, ಒಳಗೆ ಸಣ್ಣ ಅಕ್ಷರಗಳು ಕಾಣುತ್ತವೆ ಅಲ್ವಾ? ಹೊಸಬರು ಅದನ್ನು ಕೊಳೆ ಅಂದುಕೊಳ್ಳುತ್ತಾರೆ. ನನಗಂತೂ ಚಿತ್ರಕ್ಕಿಂತ ಮುದ್ರೆ ಮೇಲೆಯೇ ಪ್ರೀತಿ ಜಾಸ್ತಿ. ಚಿತ್ರ ಲಕ್ಷಾಂತರ ಸ್ಟ್ಯಾಂಪುಗಳಲ್ಲಿ ಒಂದೇ. ಯಾವ ಊರಿನಲ್ಲಿ, ಯಾವ ದಿನ ಯಾರೋ ಈ ಕಾಗದವನ್ನು ಡಬ್ಬಿಗೆ ಹಾಕಿದರು ಅನ್ನೋದನ್ನು ಹೇಳುವುದು ಮುದ್ರೆ.

ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಹನ್ನೊಂದನೇ ವಯಸ್ಸಿನಲ್ಲಿ ಮನೆಯ ಟ್ರಂಕಿನಲ್ಲಿ ಹಳೆಯ ಕಾಗದಗಳ ಒಂದು ಕಟ್ಟು ಸಿಕ್ಕಿತು. ಸೋದರಮಾವ ಬೇರೆ ಬೇರೆ ದೇಶದ ಬಂದರುಗಳಿಂದ ಅಮ್ಮನಿಗೆ ಬರೆದವು. ನಾನು ಕತ್ತರಿ ಹಿಡಿದು ಕೂತೆ. ಸ್ಟ್ಯಾಂಪಿನ ಅಂಚಿಗೇ ತಾಗಿಸಿ ನಲವತ್ತನ್ನೂ ಕತ್ತರಿಸಿದೆ, ಲಕೋಟೆಗಳನ್ನು ಎಸೆದೆ. ಆ ಸ್ಟ್ಯಾಂಪುಗಳು ಈಗಲೂ ನನ್ನ ಹತ್ತಿರ ಇವೆ. ಒಂದರ ಮೇಲೆ ಊರಿನ ಹೆಸರಿನ ಕೊನೆಯ ಮೂರು ಅಕ್ಷರ ಉಳಿದಿದೆ. ಇನ್ನೊಂದರಲ್ಲಿ ತಾರೀಖು ಇದೆ, ವರ್ಷ ಇಲ್ಲ. ಮಾವ ಯಾವಾಗ ಎಲ್ಲಿದ್ದರು ಅಂತ ತಿಳಿಯುವ ದಾರಿಯೇ ಈಗ ನಮಗಿಲ್ಲ. ಅದಕ್ಕೇ ಹೇಳುತ್ತೇನೆ, ಮನೆಯಲ್ಲಿ ಹಳೆಯ ಕಾಗದ ಸಿಕ್ಕರೆ ಕತ್ತರಿ ಮುಟ್ಟಬೇಡಿ. ಲಕೋಟೆ ಇಡಿಯಾಗಿಯೇ ಇರಲಿ. ಸಂಗ್ರಾಹಕರು ಅದನ್ನು ಕವರ್ ಅನ್ನುತ್ತಾರೆ. ಒಳಗಿನ ಪತ್ರವೂ ಅದರ ಜೊತೆಗೇ ಇರಲಿ.

ಸ್ಟ್ಯಾಂಪು ಯಾಕೆ ಹುಟ್ಟಿತು ಅಂತ ಸ್ವಲ್ಪ ಹೇಳಬೇಕು. ಅದು ಗೊತ್ತಾದರೆ ಕೈಯಲ್ಲಿರುವ ಚೂರು ಬೇರೆ ಥರ ಕಾಣುತ್ತದೆ. ಮೊದಲೆಲ್ಲ ಬ್ರಿಟನ್ನಿನಲ್ಲಿ ಕಾಗದದ ದುಡ್ಡು ಕೊಡುತ್ತಿದ್ದವರು ಹೆಚ್ಚಾಗಿ ಪಡೆಯುವವರು. ಎಷ್ಟು ದೂರದಿಂದ ಬಂತು, ಎಷ್ಟು ಹಾಳೆ ಇದೆ ಅಂತ ಲೆಕ್ಕ ಹಾಕಿ ವಸೂಲಿ ಮಾಡುತ್ತಿದ್ದರು. ಬಡವರಿಗೆ ಮನೆ ಬಾಗಿಲಿಗೆ ಬಂದ ಕಾಗದ ಬಿಡಿಸಿಕೊಳ್ಳಲೂ ಕಷ್ಟ. ದೂರ ಎಷ್ಟೇ ಇರಲಿ, ಅರ್ಧ ಔನ್ಸ್ ತೂಕದ ಕಾಗದಕ್ಕೆ ಒಂದೇ ಪೆನ್ನಿ ಇರಲಿ, ಕಳಿಸುವವರೇ ಮೊದಲು ಕೊಡಲಿ ಅಂತ ರೋಲ್ಯಾಂಡ್ ಹಿಲ್ ಅನ್ನುವ ಅಂಚೆ ಸುಧಾರಕ ಹಟ ಹಿಡಿದರು. 1840ರಲ್ಲಿ ಅದು ಜಾರಿಗೆ ಬಂತು. ಆ ವರ್ಷ ಮೇ 6ರಿಂದ ಜನ ಬಳಸಿದ ಸ್ಟ್ಯಾಂಪೇ ಪೆನ್ನಿ ಬ್ಲ್ಯಾಕ್. ಸ್ಟ್ಯಾಂಪು ಸಂಗ್ರಹಕ್ಕೆ 'ಫಿಲಾಟೆಲಿ' ಅನ್ನುವ ಹೆಸರು ಕೊಟ್ಟದ್ದು 1864ರಲ್ಲಿ ಜಾರ್ಜ್ ಎರ್ಪಾ ಅನ್ನುವ ಫ್ರೆಂಚ್ ಸಂಗ್ರಾಹಕ. ತೆರಿಗೆ ಇಲ್ಲ ಅನ್ನುವ ಅರ್ಥದ ಗ್ರೀಕ್ ಪದದಿಂದ ಅದನ್ನು ಕಟ್ಟಿದರು. ಪಡೆಯುವವರು ಇನ್ನೇನೂ ಕೊಡಬೇಕಿಲ್ಲ ಅನ್ನುವ ಸಮಾಧಾನ ಆ ಹೆಸರಿನೊಳಗೇ ಇದೆ. ನನಗೆ ಈ ಮಾತು ತುಂಬಾ ಇಷ್ಟ.

ಪೆನ್ನಿ ಬ್ಲ್ಯಾಕ್‌ನ ದೊಡ್ಡ ಚಿತ್ರ ಇಲ್ಲಿ ಪರದೆ ಮೇಲಿದೆ. ಕೆಳಗಿನ ಎರಡು ಮೂಲೆ ನೋಡಿ. ಒಂದೊಂದು ಅಕ್ಷರ ಇದೆ. ಅದು ಅಲಂಕಾರ ಅಲ್ಲ. ಒಂದು ಹಾಳೆಯಲ್ಲಿ 240 ಸ್ಟ್ಯಾಂಪು ಇರುತ್ತಿತ್ತು. ಆಗಿನ ಲೆಕ್ಕದಲ್ಲಿ ಒಂದು ಪೌಂಡಿಗೆ 240 ಪೆನ್ನಿ, ಹಾಗಾಗಿ ಒಂದು ಹಾಳೆಗೆ ಸರಿಯಾಗಿ ಒಂದು ಪೌಂಡ್. ಸಾಲಿಗೆ 12, ಅಂದರೆ ಒಂದು ಸಾಲಿಗೆ ಒಂದು ಶಿಲ್ಲಿಂಗ್. ಹೀಗೆ ಇಪ್ಪತ್ತು ಸಾಲು. ಎಡ ಮೂಲೆಯ ಅಕ್ಷರ ಅದು ಎಷ್ಟನೇ ಸಾಲು ಅಂತ ಹೇಳುತ್ತದೆ. ಬಲ ಮೂಲೆಯದು ಆ ಸಾಲಿನಲ್ಲಿ ಎಷ್ಟನೆಯದು ಅಂತ. ಮೊದಲ ಸ್ಟ್ಯಾಂಪು ಎ-ಎ, ಕೊನೆಯದು ಟಿ-ಎಲ್. ಖೋಟಾ ಮಾಡುವವರಿಗೆ ಕಷ್ಟವಾಗಲಿ ಅಂತ ಮಾಡಿದ ಉಪಾಯ ಇದು. ಈಗ ಯಾವುದೇ ಪೆನ್ನಿ ಬ್ಲ್ಯಾಕ್ ಕೈಗೆ ಸಿಗಲಿ, ಹಾಳೆಯ ಯಾವ ಜಾಗದಲ್ಲಿ ಅದು ಕೂತಿತ್ತು ಅಂತ ಬೆರಳಿಟ್ಟು ತೋರಿಸಬಹುದು. ಅಂಚಿನಲ್ಲಿ ಹಲ್ಲು ಇಲ್ಲ ಅನ್ನೋದನ್ನೂ ಗಮನಿಸಿ. ಗುಮಾಸ್ತರು ಕತ್ತರಿಯಲ್ಲಿ ಕತ್ತರಿಸಿ ಮಾರುತ್ತಿದ್ದರು. ಅವಸರದಲ್ಲಿ ಕತ್ತರಿ ಓಡಿದ ಕಡೆ ಚಿತ್ರವೇ ಹೋಗಿದೆ. ಅದಕ್ಕೇ ನಾಲ್ಕೂ ಕಡೆ ಬಿಳಿ ಅಂಚು ಉಳಿದಿರುವುದಕ್ಕೆ ಅಷ್ಟು ಬೇಡಿಕೆ.

ಹಳೆಯದೆಲ್ಲ ಅಪರೂಪ ಅನ್ನುವ ನಂಬಿಕೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಇಲ್ಲೇ ಬಿಟ್ಟುಬಿಡಿ. ಜಗತ್ತಿನ ಮೊದಲ ಸ್ಟ್ಯಾಂಪು ಸುಮಾರು 6.8 ಕೋಟಿ ಅಚ್ಚಾಗಿತ್ತು. ಬೇಕಾದಷ್ಟು ಉಳಿದಿವೆ. ಅದನ್ನು ನಿಲ್ಲಿಸಿದ ಕಾರಣವೂ ಸರಳ. ಕಪ್ಪು ಸ್ಟ್ಯಾಂಪಿನ ಮೇಲೆ ಕೆಂಪು ಮುದ್ರೆ ಹೊಡೆಯುತ್ತಿದ್ದರು. ಜನ ಆ ಕೆಂಪನ್ನು ಒರೆಸಿ ಮತ್ತೆ ಬಳಸುವ ಭಯ ಇತ್ತು. 1841ರಲ್ಲಿ ಸ್ಟ್ಯಾಂಪನ್ನು ಕೆಂಪು ಮಾಡಿ ಮುದ್ರೆಯನ್ನು ಕಪ್ಪು ಮಾಡಿದರು.

ಸರಿ, ಈಗ ನಿಮ್ಮ ಸಂಗ್ರಹಕ್ಕೆ ಬರೋಣ. ಶುರುವಿಗೇ ದುಡ್ಡು ಕೊಟ್ಟು ಕೊಳ್ಳಬೇಡಿ. ನೆಂಟರು, ಅಕ್ಕಪಕ್ಕದವರು, ಕಚೇರಿಯಲ್ಲಿ ಟಪಾಲು ಬಿಚ್ಚುವವರು, ಇವರನ್ನು ಕೇಳಿ. ಒಂದು ತಿಂಗಳಲ್ಲಿ ಒಂದು ಪೊಟ್ಟಣ ಆಗುತ್ತದೆ. ಸಿಕ್ಕಿದ್ದೆಲ್ಲ ಇಟ್ಟುಕೊಳ್ಳಿ, ಕೆಲವು ವಾರ ಸುಮ್ನೆ ಕೈಯಾಡಿಸಿ. ಕೈ ಮತ್ತೆ ಮತ್ತೆ ಯಾವುದರ ಕಡೆ ಹೋಗುತ್ತದೆ ಅಂತ ನಿಮಗೇ ತಿಳಿಯುತ್ತದೆ. ಆಮೇಲೆ ವಿಷಯ ಆರಿಸಿ, ಆದಷ್ಟು ಚಿಕ್ಕದು ಆರಿಸಿ. 'ಹಕ್ಕಿಗಳು' ಅಂತ ಹೊರಟರೆ ಮುಗಿಯುವುದೇ ಇಲ್ಲ, ಎಲ್ಲ ದೇಶವೂ ಹಕ್ಕಿ ಹಾಕಿದೆ. 'ಗೂಬೆ' ಅನ್ನಿ, ಸಾಕು. ನಾನು ದೀಪಸ್ತಂಭಗಳ ಹಿಂದೆ ಬಿದ್ದೆ, ಹಡಗುಗಳಿಗೆ ದಾರಿ ತೋರಿಸುತ್ತವಲ್ಲ ಅವು. ಮೊದಮೊದಲು ಎಲ್ಲ ಗೋಪುರವೂ ಒಂದೇ ಅನ್ನಿಸುತ್ತಿತ್ತು. ಪಕ್ಕಪಕ್ಕ ಇಟ್ಟ ಮೇಲೆ ಒಂದಕ್ಕೆ ಅಡ್ಡ ಪಟ್ಟೆ, ಇನ್ನೊಂದಕ್ಕೆ ಸುತ್ತಿಕೊಂಡು ಹೋಗುವ ಪಟ್ಟೆ ಕಂಡಿತು. ಹುಡುಕಿದಾಗ ಗೊತ್ತಾಯಿತು, ಹಗಲು ಹೊತ್ತಿನಲ್ಲಿ ದೀಪ ಗುರುತಿಗೆ ಸಿಗದ ಕಾರಣ ನಾವಿಕರು ಬಣ್ಣ, ಪಟ್ಟೆ ನೋಡಿಯೇ ಇದು ಯಾವ ಸ್ತಂಭ ಅಂತ ತಿಳಿಯುತ್ತಾರೆ.

ಚಿತ್ರವೇ ಬೇಡ ಅನ್ನುವವರಿಗೂ ದಾರಿ ಇದೆ. ದಿನನಿತ್ಯ ಬಳಕೆಗೆ ವರ್ಷಗಟ್ಟಲೆ ಅಚ್ಚಾಗುವ ಸಾದಾ ಸ್ಟ್ಯಾಂಪುಗಳನ್ನು ಡೆಫಿನಿಟಿವ್ ಅನ್ನುತ್ತಾರೆ. ಯಾವುದೋ ಒಂದು ಸಂದರ್ಭಕ್ಕೆ ಅಂತ ಬರುವುದು ಸ್ಮಾರಕ ಸ್ಟ್ಯಾಂಪು. ಹೊಸಬರ ಕಣ್ಣು ಸ್ಮಾರಕದ ಬಣ್ಣಗಳ ಮೇಲೇ ಇರುತ್ತದೆ. ಆದರೆ ಬ್ರಿಟನ್ನಿನ ಸ್ಟ್ಯಾಂಪಿಗೆ ಆರ್ನಲ್ಡ್ ಮೇಚಿನ್ ಅನ್ನುವ ಶಿಲ್ಪಿ ಮಾಡಿದ ಎಲಿಜಬೆತ್ ರಾಣಿಯ ತಲೆ ನೋಡಿ. 1967ರಲ್ಲಿ ಬಂದದ್ದು, ಐವತ್ತು ವರ್ಷಕ್ಕೂ ಮೇಲೆ ನಡೆಯಿತು. ಅದೇ ತಲೆ. ಬೆಲೆ, ಬಣ್ಣ, ಕಾಗದ, ಅಂಟು, ಹಲ್ಲು ಬದಲಾಗುತ್ತಾ ಹೋಯಿತು. ಆ ಒಂದನ್ನೇ ಜೀವಮಾನವಿಡೀ ಕೂಡಿಸುವವರಿದ್ದಾರೆ.

ಹಲ್ಲು ಅಂದೆ. ಬ್ರಿಟನ್ನಿನಲ್ಲಿ 1854ರಿಂದ ಅಂಚಿಗೆ ತೂತು ಹೊಡೆದ ಸ್ಟ್ಯಾಂಪು ಮಾಮೂಲಾಗಿ ಬರತೊಡಗಿತು. ಹೆನ್ರಿ ಆರ್ಚರ್ ಅನ್ನುವವರ ಯಂತ್ರದಿಂದ ಅದು ಸಾಧ್ಯವಾಯಿತು. ಎರಡು ಸೆಂಟಿಮೀಟರಿನಲ್ಲಿ ಎಷ್ಟು ತೂತು ಅನ್ನೋದೇ ಅಳತೆ. 14 ಅಂದರೆ ಎರಡು ಸೆಂಟಿಮೀಟರಿಗೆ ಹದಿನಾಲ್ಕು. ಇದನ್ನು ಅಳೆಯಲು ಚುಕ್ಕೆ ಸಾಲುಗಳಿರುವ ಒಂದು ಪಟ್ಟಿ ಸಿಗುತ್ತದೆ. ಅದರ ಮೇಲೆ ಸ್ಟ್ಯಾಂಪನ್ನು ಜರುಗಿಸುತ್ತಾ ಹೋಗಿ, ಹಲ್ಲಿಗೂ ಚುಕ್ಕೆಗೂ ಎಲ್ಲಿ ತಾಳೆಯಾಗುತ್ತದೋ ಅದೇ ಸಂಖ್ಯೆ. ನೋಡಲು ಅವಳಿಜವಳಿ ಅನ್ನಿಸುವ ಎರಡು ಸ್ಟ್ಯಾಂಪುಗಳ ಹಲ್ಲು ಬೇರೆ ಇರಬಹುದು, ಬೆಳಕಿಗೆ ಹಿಡಿದರೆ ಕಾಗದದೊಳಗಿನ ನೀರಚ್ಚು, ಅಂದರೆ ವಾಟರ್‌ಮಾರ್ಕ್, ಬೇರೆ ಇರಬಹುದು. ಆಗ ಅವು ಎರಡು ಬೇರೆ ಸ್ಟ್ಯಾಂಪುಗಳೇ.

ಈಗ ಮುಖ್ಯ ಕೆಲಸ, ಕಾಗದದಿಂದ ಬಿಡಿಸುವುದು. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೊಸಬರ ಕೈಯಲ್ಲಿ ಸ್ಟ್ಯಾಂಪು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಒಣ ಕಾಗದದಿಂದ ಕಿತ್ತರೆ ಹಿಂಭಾಗದ ಒಂದು ಪದರ ಲಕೋಟೆಯಲ್ಲೇ ಉಳಿಯುತ್ತದೆ. ಮುಂದಿನಿಂದ ಗೊತ್ತಾಗುವುದಿಲ್ಲ, ಬೆಳಕಿಗೆ ಹಿಡಿದರೆ ಅಲ್ಲೊಂದು ತೆಳು ಮಚ್ಚೆ. ಹಾಗಾಗಿ ಸುತ್ತ ಒಂದು ಬೆರಳು ಕಾಗದ ಬಿಟ್ಟು ಕತ್ತರಿಸಿ. ಅಗಲ ಬಾಯಿಯ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಸ್ಟ್ಯಾಂಪು ಮೇಲೆ ಬರುವ ಹಾಗೆ ತೇಲಿಬಿಡಿ. ಬಣ್ಣದ ಲಕೋಟೆಯ ತುಂಡಿದ್ದರೆ ಅದಕ್ಕೆ ಬೇರೆ ಪಾತ್ರೆ. ಒಂದು ಕೆಂಪು ಚೂರು ಸೇರಿಕೊಂಡರೂ ಉಳಿದೆಲ್ಲದರ ಬಿಳಿ ಅಂಚಿಗೆ ಗುಲಾಬಿ ಹತ್ತುತ್ತದೆ, ಮತ್ತೆ ಹೋಗುವುದಿಲ್ಲ.

ಹತ್ತು ಹದಿನೈದು ನಿಮಿಷ ಬಿಡಿ. ಮೊದಲು ಕಾಗದ ನೀರು ಕುಡಿದು ಬಣ್ಣ ಗಾಢವಾಗುತ್ತದೆ. ಆಮೇಲೆ ಸ್ಟ್ಯಾಂಪಿನ ಒಂದು ಮೂಲೆ ಸ್ವಲ್ಪ ಏಳುತ್ತದೆ. ಆಗಲೂ ಎಳೆಯಬೇಡಿ. ಇನ್ನೂ ಸ್ವಲ್ಪ ಕಾದರೆ ಅದು ತಾನೇ ಜಾರಿ ಬರುತ್ತದೆ, ಕೆನೆ ಜಾರಿದ ಹಾಗೆ. ಹಿಂಭಾಗವನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ. ಲೋಳೆ ಲೋಳೆ ಅನ್ನಿಸಿದರೆ ಅಂಟು ಇನ್ನೂ ಇದೆ, ಬೇರೆ ನೀರಿನಲ್ಲಿ ಒಂದು ಸಲ ಆಡಿಸಿ. ಆಮೇಲೆ ಬಿಳಿ ಕಾಗದದ ಮೇಲೆ ಮುಖ ಕೆಳಗೆ ಮಾಡಿ ಒಣಗಲು ಬಿಡಿ. ಅಚ್ಚಾದ ಪತ್ರಿಕೆ ಬೇಡ, ಶಾಯಿ ಹತ್ತುತ್ತದೆ. ಒಣಗುವಾಗ ಸುರುಳಿ ಸುತ್ತಿಕೊಂಡರೆ ಗಾಬರಿಯಾಗಬೇಡಿ. ಪೂರ್ತಿ ಒಣಗಿದ ಮೇಲೆ ದಪ್ಪ ಪುಸ್ತಕದೊಳಗೆ ಒಂದು ರಾತ್ರಿ ಇಟ್ಟರೆ ಚಪ್ಪಟೆಯಾಗುತ್ತದೆ.

ಸ್ಟಿಕರ್ ಥರ ಸುಲಿದು ಹಚ್ಚುವ ಸ್ಟ್ಯಾಂಪುಗಳು 1964ರಲ್ಲಿ ಸಿಯೆರಾ ಲಿಯೋನ್‌ನಿಂದ ಶುರುವಾದವು. ಈಗ ಬಹಳ ದೇಶಗಳಲ್ಲಿ ಅವೇ ಜಾಸ್ತಿ. ಅವುಗಳಲ್ಲಿ ಬಹಳಷ್ಟು ನೀರಿಗೆ ಬಿಡುವುದೇ ಇಲ್ಲ. ಜಗಳಾಡಬೇಡಿ, ಸುತ್ತ ಕಾಗದ ಬಿಟ್ಟು ಕತ್ತರಿಸಿ ಹಾಗೇ ಇಡಿ. ಬಳಸದ ಸ್ಟ್ಯಾಂಪನ್ನಂತೂ ನೀರಿಗೆ ಹಾಕಲೇಬೇಡಿ, ಹಿಂದಿನ ಅಂಟು ಅದರ ಭಾಗವೇ.

ಸಾಮಾನು ಜಾಸ್ತಿ ಬೇಕಿಲ್ಲ. ತುದಿ ಚಪ್ಪಟೆಯಾಗಿರುವ ಚಿಮಟ, ಒಂದು ಭೂತಗನ್ನಡಿ, ಒಂದು ಸ್ಟಾಕ್ ಬುಕ್. ಕಣ್ಣಿನ ಹುಬ್ಬಿಗೆ ಬಳಸುವ ಚೂಪು ಚಿಮಟ ಬೇಡ, ಚುಚ್ಚುತ್ತದೆ. ಬೆರಳಲ್ಲಿ ಯಾಕೆ ಮುಟ್ಟಬಾರದು ಅಂದರೆ, ಚರ್ಮದ ಎಣ್ಣೆ ಕಾಗದಕ್ಕೆ ಇಳಿಯುತ್ತದೆ. ಇವತ್ತು ಕಾಣುವುದಿಲ್ಲ, ವರ್ಷಗಳಾದ ಮೇಲೆ ಕಂದು ಕಲೆಯಾಗಿ ಕಾಣುತ್ತದೆ. ಸ್ಟಾಕ್ ಬುಕ್ಕಿನಲ್ಲಿ ಪಟ್ಟಿಗಳ ಹಿಂದೆ ಸಿಕ್ಕಿಸಿದರಾಯಿತು, ಬೇಕಾದಾಗ ಜಾಗ ಬದಲಿಸಬಹುದು. ಅಂಟು, ಸೆಲೋಟೇಪು ಎರಡನ್ನೂ ಹತ್ತಿರ ಸುಳಿಯಗೊಡಬೇಡಿ. ಫೋಟೋ ಆಲ್ಬಮ್ಮಿನ ಮೆತ್ತಗಿನ ಪಿವಿಸಿ ಹಾಳೆಗಳೂ ಬೇಡ, ಕಾಲಕ್ರಮದಲ್ಲಿ ಬಣ್ಣ ಕೆಡಿಸುತ್ತವೆ. ಪುಸ್ತಕವನ್ನು ನಿಲ್ಲಿಸಿ ಇಡಿ. ತೇವ, ಬಿಸಿಲು ಎರಡರಿಂದಲೂ ದೂರ ಇರಲಿ.

ಬೆಲೆಯ ಮಾತು ಬೇಡ ಅಂದಿದ್ದೆ, ಆದರೂ ಒಂದು ದಿನ ಅದು ಬಂದೇ ಬರುತ್ತದೆ. ಆಗ 1923ರ ಜರ್ಮನಿಯ ಸ್ಟ್ಯಾಂಪುಗಳನ್ನು ನೆನೆಸಿಕೊಳ್ಳಿ. ಮಾರ್ಕ್‌ನ ಬೆಲೆ ಗಂಟೆಗಂಟೆಗೂ ಕುಸಿಯುತ್ತಿದ್ದ ವರ್ಷ ಅದು. ಹೊಸ ಸ್ಟ್ಯಾಂಪು ಮಾಡುವಷ್ಟು ಪುರುಸೊತ್ತಿಲ್ಲದೆ ಇದ್ದದ್ದರ ಮೇಲೇ ಕಪ್ಪು ಶಾಯಿಯಲ್ಲಿ ಹೊಸ ಅಂಕಿ ಒತ್ತಿದರು. ಕೊನೆಗೆ ಒಂದು ಸ್ಟ್ಯಾಂಪಿನ ಮುಖಬೆಲೆ 5,000 ಕೋಟಿ ಮಾರ್ಕ್‌ಗೆ ಹೋಯಿತು. ಇವುಗಳಲ್ಲಿ ಬಳಸದವು ರಾಶಿ ರಾಶಿ ಉಳಿದಿವೆ, ಅಗ್ಗವಾಗಿ ಸಿಗುತ್ತವೆ. ನಿಜವಾಗಿ ಕಾಗದದ ಮೇಲೆ ಓಡಾಡಿ, ಆ ದಿನಗಳ ಅಸಲಿ ಮುದ್ರೆ ಬಿದ್ದವು ಕಡಿಮೆ. ಅದಕ್ಕೆ ಸುಳ್ಳು ಮುದ್ರೆ ಒತ್ತಿ ಮಾರಿದವರೂ ಇದ್ದಾರೆ, ಪರಿಣತರು ಪರೀಕ್ಷಿಸಿ ಹೇಳಬೇಕಾಗುತ್ತದೆ. ಬಳಸದ್ದು ಯಾವಾಗಲೂ ಹೆಚ್ಚು ಬೆಲೆಯದ್ದು ಅನ್ನುವ ಲೆಕ್ಕ ಇಲ್ಲಿ ತಲೆಕೆಳಗು. ಇನ್ನೊಂದು ಥರದ್ದೂ ನಿಮಗೆ ಸಿಗುತ್ತದೆ. ಮುದ್ರೆ ಮೂಲೆಯಲ್ಲಿ ಅಚ್ಚುಕಟ್ಟಾಗಿ ಬಿದ್ದಿದೆ, ತಿರುಗಿಸಿದರೆ ಅಂಟು ಹಾಗೇ ಇದೆ. ಅದು ಯಾವ ಕಾಗದದ ಮೇಲೂ ಕೂತದ್ದಲ್ಲ. ಸಂಗ್ರಾಹಕರಿಗೆ ಮಾರಲೆಂದೇ ಮುದ್ರೆ ಹಾಕಿದ್ದು. ಚಿತ್ರಕ್ಕಾಗಿ ಇಟ್ಟುಕೊಳ್ಳಿ, ತಪ್ಪಿಲ್ಲ.

ಸ್ಟ್ಯಾನ್ಲಿ ಗಿಬ್ಬನ್ಸ್, ಸ್ಕಾಟ್, ಮಿಖೆಲ್, ಈ ಮೂರು ದೊಡ್ಡ ಕ್ಯಾಟಲಾಗುಗಳು. ಗ್ರಂಥಾಲಯದಲ್ಲಿ ಸಿಕ್ಕರೆ ಅಲ್ಲೇ ಕೂತು ನೋಡಿ. ಅದರಲ್ಲಿರುವ ಬೆಲೆ ನಿಮ್ಮ ಕೈಗೆ ಬರುವ ಬೆಲೆ ಅಲ್ಲ. ಮಾಮೂಲಿ ಸ್ಟ್ಯಾಂಪಿಗೆ ಅದರ ಒಂದು ಸಣ್ಣ ಪಾಲೂ ಸಿಗಲಿಕ್ಕಿಲ್ಲ. ಕ್ಯಾಟಲಾಗು ಬೇಕಾಗಿರುವುದು ಗುರುತು ಹಿಡಿಯುವುದಕ್ಕೆ.

ನೋಡುವ ಕಣ್ಣು ಏನು ಮಾಡುತ್ತದೆ ಅನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. 1918ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ವಿಮಾನ ಟಪಾಲಿಗೆ 24 ಸೆಂಟಿನ ಸ್ಟ್ಯಾಂಪು ಬಂತು. ಕೆಂಪು ಚೌಕಟ್ಟು, ಒಳಗೆ ನೀಲಿ ವಿಮಾನ. ವಿಲಿಯಂ ರೋಬಿ ಅನ್ನುವ ಸಂಗ್ರಾಹಕ ಯೋಚಿಸಿದರು. ಎರಡು ಬಣ್ಣ ಅಂದರೆ ಹಾಳೆ ಎರಡು ಸಲ ಯಂತ್ರಕ್ಕೆ ಹೋಗಬೇಕು. ಎರಡನೇ ಸಲ ತಿರುವುಮುರುವಾಗಿ ಹೋದರೆ? ಅಂಥದ್ದು ಆಗಬಹುದು ಅಂತ ಗೆಳೆಯರಿಗೂ ಮೊದಲೇ ಬರೆದಿದ್ದರು. ಮೇ 14ರಂದು ವಾಷಿಂಗ್ಟನ್ನಿನ ಅಂಚೆ ಕಚೇರಿಯಲ್ಲಿ ನೂರು ಸ್ಟ್ಯಾಂಪಿನ ಒಂದು ಹಾಳೆ ಅವರ ಕೈಗೆ ಬಂತು. ನೂರರಲ್ಲೂ ವಿಮಾನ ತಲೆಕೆಳಗಾಗಿ ಹಾರುತ್ತಿತ್ತು. 24 ಡಾಲರ್ ಕೊಟ್ಟು ಕೊಂಡರು. ಆ ತಪ್ಪಿನ ಬೇರೆ ಹಾಳೆ ಇದುವರೆಗೂ ಸಿಕ್ಕಿಲ್ಲ. ಕೌಂಟರಿನ ಗುಮಾಸ್ತನ ಕಣ್ಣ ಮುಂದೆಯೂ ಅದೇ ಹಾಳೆ ಇತ್ತು.

ಕೊನೆಗೆ ಒಂದು ಪ್ರಶ್ನೆ ಬಂದಿದೆ. ಹಿಂದಿನ ಸಾಲಿನಲ್ಲಿ ಕೂತಿರುವ ಹುಡುಗಿ ಚೀಟಿ ಕಳಿಸಿದ್ದಾಳೆ. 'ನಮ್ಮ ಅಜ್ಜನ ಹಳೆಯ ಆಲ್ಬಮ್ ಇದೆ. ಸ್ಟ್ಯಾಂಪುಗಳನ್ನೆಲ್ಲ ಅಂಟಿಸಿಬಿಟ್ಟಿದ್ದಾರೆ. ಬಿಡಿಸಿ ಹೊಸದರಲ್ಲಿ ಜೋಡಿಸಲಾ?'

ಬೇಡಮ್ಮ. ಸದ್ಯಕ್ಕೆ ಒಂದನ್ನೂ ಬಿಡಿಸಬೇಡ. ಮೊದಲು ಪ್ರತಿ ಪುಟದ ಫೋಟೋ ತೆಗೆದುಕೋ. ಅಜ್ಜ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಏನಾದರೂ ಬರೆದಿದ್ದಾರಾ ನೋಡು. ಯಾವ ದೇಶದ ಪಕ್ಕ ಯಾವುದನ್ನು ಇಟ್ಟರು, ಯಾವುದಕ್ಕೆ ಜಾಗ ಖಾಲಿ ಬಿಟ್ಟರು, ಅದನ್ನೂ ಬರೆದುಕೋ. ಖಾಲಿ ಬಿಟ್ಟ ಚೌಕ ಇದ್ದರೆ ಅದು ಅವರಿಗೆ ಬೇಕಾಗಿಯೂ ಸಿಗದೆ ಹೋದ ಸ್ಟ್ಯಾಂಪು ಇರಬೇಕು. ಹಿಂಜ್ ಅಂತ ಸಣ್ಣ ಮಡಿಕೆ ಕಾಗದದಿಂದ ಹಚ್ಚಿದ್ದರೆ ಸುಲಭವಾಗಿ ಬಿಡುತ್ತದೆ, ಗೋಂದಿನಲ್ಲಿ ಅಂಟಿಸಿದ್ದರೆ ಬೇರೆ ಉಪಾಯ ಬೇಕು. ಅದನ್ನು ನೋಡದೆ ನಾನು ಹೇಳಲಾರೆ. ಆಲ್ಬಮ್ ತಂದಿದ್ದೀಯಾ? ಚೀಲದಲ್ಲೇ ಇದೆಯಾ? ಹಾಗಾದರೆ ಮುಂದೆ ಬಾ, ಈ ಮೇಜಿನ ಮೇಲೆ ಇಡು. ಯಾರಾದರೂ ಆ ದೀಪ ಸ್ವಲ್ಪ ಈ ಕಡೆ ತಿರುಗಿಸಿ.